ಸುಡದೆ ಉಳಿದ ಗಾಳಿಪಟ

ಸಾಂತಾ ಉರ್ಸುಲಾ
೫ ನವೆಂಬರ್ ೧೯೯೯

ಪ್ರೀತಿಯ ಕ್ಲೋವಿ,

ರಾತ್ರಿ ಎರಡೂವರೆ. ಗುಂಯ್ ಎನ್ನುವ ಸದ್ದಿಗೆ ಎಚ್ಚರವಾಯಿತು. ಅಂಗಡಿಯ ಫ್ರಿಜ್ ಇರಬೇಕು ಅಂದುಕೊಂಡೆ. ಅದು ಮುದಿ ನಾಯಿಯ ಹಾಗೆ ಗುರುಗುಟ್ಟುವುದು ನಿನಗೂ ಗೊತ್ತಲ್ಲ. ಎದ್ದು ಹೋಗಿ ಕೈಯಿಟ್ಟು ನೋಡಿದೆ. ಕರೆಂಟು ಹೋಗಿತ್ತು, ಫ್ರಿಜ್ ತೆಪ್ಪಗೆ ನಿಂತಿತ್ತು. ಸದ್ದು ಹಿಂದಿನ ಅಂಗಳದಿಂದ ಬರುತ್ತಿತ್ತು. ಸೂರಿನಡಿ ಕಟ್ಟಿಟ್ಟ ನಿನ್ನ ಆಳೆತ್ತರದ ಗಾಳಿಪಟದಿಂದ.

ಅದರ ನೆತ್ತಿಗೆ ನೀವು ಹುಡುಗಿಯರು ಸಾಲಾಗಿ ಅಂಟಿಸಿದ ಕಾಗದದ ಪಟ್ಟಿಗಳಿವೆಯಲ್ಲ, ಗಾಳಿಗೆ ಗುಂಯ್‌ಗುಟ್ಟಿ ಕೆಟ್ಟದ್ದನ್ನು ದೂರ ಓಡಿಸಲಿ ಅಂತ, ಅವೇ. ಆದರೆ ಗಾಳಿ ಇರಲಿಲ್ಲ ಕ್ಲೋವಿ. ನನ್ನ ಕೈಯಲ್ಲಿದ್ದ ಮೇಣದಬತ್ತಿಯ ಉರಿ ಸೂಜಿಯ ಹಾಗೆ ನೆಟ್ಟಗಿತ್ತು. ನಾನು ಹತ್ತಿರ ಹೋದ ಮೇಲೆ ಸದ್ದು ನಿಂತಿತು. ಮಾತಾಡುತ್ತಿದ್ದವರು ಬೇರೆಯವರು ಬಂದರೆಂದು ಬಾಯಿ ಮುಚ್ಚಿಕೊಂಡ ಹಾಗೆ.

ಮಗು ಎದ್ದಿದ್ದಾಳೆ, ಎದೆಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಿನ್ನ ಭಾವ ರುಫೀನೊ ಕರಾವಳಿಯ ಕಬ್ಬಿನ ಗದ್ದೆಗೆ ಹೋಗಿಯಾಯಿತು, ಇನ್ನು ಕಟಾವು ಮುಗಿಯುವವರೆಗೆ ಬರುವುದಿಲ್ಲ. ಮನೆಯಲ್ಲಿ ನಾನು, ಬೆಕಾ, ಅಪ್ಪ. ಬಾಣಂತಿಗೆ ನಿದ್ದೆ ಕಡಿಮೆ, ಏನೇನೋ ಕೇಳಿಸುತ್ತದೆ ಎಂದು ನೀನು ನಗುತ್ತೀಯ. ನಗು. ಆದರೆ ಪಟವನ್ನು ಸುಡದೆ ಮನೆಗೆ ತಂದಿದ್ದು ತಪ್ಪು ಅಂತ ನನಗೆ ಅನ್ನಿಸಿಬಿಟ್ಟಿದೆ. ಆವತ್ತು, ಸತ್ತವರ ಹಬ್ಬದ ದಿನ, ಸ್ಮಶಾನದಲ್ಲಿ ಎಲ್ಲರೂ ತಂತಮ್ಮ ಪಟಗಳಿಗೆ ಬೆಂಕಿ ಕೊಡುವಾಗ ನೀನೊಬ್ಬಳೇ ಅಡ್ಡ ನಿಂತೆ. "ಶಾಲೇಲಿ ಪ್ರದರ್ಶನ ಇದೆ, ಫೆಬ್ರವರಿವರೆಗೂ ಬೇಕು" ಅಂದೆ. ಜೊತೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀನು ಸಂಜೆ ಬಸ್ಸು ಹತ್ತಿದೆ. ಮಾತು ಕೇಳಬೇಕಾದವಳು ನಾನು.

ಚೋನಾ ಅಜ್ಜಿ ಅಂಗಡಿ ಬಾಗಿಲಲ್ಲೇ ಹಿಡಿದಳು. "ಏನೇ ಟೀಚರಮ್ಮ, ಓದ್ದೋರಿಗೆ ಇಷ್ಟೂ ಗೊತ್ತಾಗಲ್ವ? ನೆಂಟ್ರನ್ನ ಕರ್ದು ಉಣ್ಣಕ್ಕಿಟ್ಟು, ಹೊರಗಿಂದ ಚಿಲ್ಕ ಹಾಕ್ದಂಗಾಯ್ತಲ್ಲೆ! ಸತ್ತೋರು ಪಟ ನೋಡ್ಕೊಂಡು ಇಳಿದು ಬರ್ತಾರೆ, ಅದರ ಹೊಗೆ ಹಿಡ್ಕೊಂಡು ವಾಪಸ್ ಹೋಗ್ತಾರೆ. ಹೊಗೇನೇ ಇಲ್ಲ ಅಂದ್ರೆ ಎಲ್ಲಿಗೆ ಹೋಗ್ಬೇಕು ಅವ್ರು?"

"ಹಾಗಾದ್ರೆ ನಾನೇ ಸುಟ್ಬಿಡ್ಲಾ ಅಜ್ಜಿ?"

"ನೀನ್ಯಾರು ಸುಡಕ್ಕೆ? ಕತ್ತರಿ ಹಿಡಿದೋಳು ಬಾಯಿಬಿಟ್ಟು 'ಹೋಗು' ಅನ್ಬೇಕು. 'ಹೋಗಿ ಬಾ' ಅಲ್ಲ ಮತ್ತೆ. 'ಹೋಗು.'"

ಒಂದು ಮಾತು ಕೇಳುತ್ತೇನೆ. ಪಟದ ನಡುವಿನ ಆ ಹೆಂಗಸಿನ ಮುಖವನ್ನು ನೀನು ಎಲ್ಲಿ ನೋಡಿದ್ದೆ? ನೀನು ಹಗ್ಗ ಹಿಡಿದು ಓಡುತ್ತಿದ್ದೆ, ಗಮನಿಸಿರಲಿಕ್ಕಿಲ್ಲ. ಪಟ ಎದ್ದು ಬಿಸಿಲಿಗೆ ಬಂದ ಕೂಡಲೆ ಅಪ್ಪ ಟೋಪಿ ತೆಗೆದರು. ಆಮೇಲೆ ಬೆಲ್ಲದಲ್ಲಿ ಬೇಯಿಸಿದ ಕುಂಬಳವನ್ನು ತಟ್ಟೆಯಲ್ಲೇ ಬಿಟ್ಟು ಮನೆಗೆ ನಡೆದರು.

ನಿನ್ನ ಅಕ್ಕ,
ತೆಂಚಾ


ರಾಜಧಾನಿ
೧೬ ನವೆಂಬರ್

ಅಕ್ಕಾ,

ಮರಗೆಣಸಿನ ಹಿಟ್ಟಿನ ಅಂಟು ಒಣಗುತ್ತಾ ಕಾಗದವನ್ನು ಬಿಗಿಯುತ್ತದೆ, ತಮಟೆಯ ಚರ್ಮದ ಹಾಗೆ. ಇರುಳಿನ ತಂಪಿಗೆ ಸಡಿಲವಾಗುತ್ತದೆ. ಅದಕ್ಕೇ ಸದ್ದು. ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು, ಚೋನಾ ಅಜ್ಜಿಯ ಬಾಯಿಗೆ ಸಿಕ್ಕಿಬಿದ್ದೆಯಲ್ಲ!

ರಜೆಯಲ್ಲಿ ಊರಿಗೆ ಬರಲಾಗುವುದಿಲ್ಲ. ಬೋರ್ಡು ಬರೆಯುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ. ದಿನವಿಡೀ ಟೈರು, ಕೋಳಿ, ಹಲ್ಲಿನ ಡಾಕ್ಟರು. ಇವತ್ತು ಬರೆದ ಕೋಳಿಗೆ ಮಾಲೀಕನ ಹೆಂಡತಿಯ ಕಣ್ಣು ಬಂದುಬಿಟ್ಟಿತು, ಅವನೇ ಹೇಳಿ ನಕ್ಕ.

ಮುಖದ ಮಾತು. ಎಲ್ಲಿಯೂ ನೋಡಿಲ್ಲ ಅಕ್ಕಾ. ನಾನು ಶುರುಮಾಡಿದ್ದು ಮಾತೆ ಮರಿಯಳನ್ನು. ಕ್ಯಾಲೆಂಡರಿನ ಚಿತ್ರ ಪಕ್ಕದಲ್ಲಿಟ್ಟುಕೊಂಡೇ ಕೂತಿದ್ದೆ. ವರ್ಷವಿಡೀ ಶಾಲೆಯಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ. ಚಿತ್ರದ ಮೇಷ್ಟ್ರು ಎಲ್ಲರೆದುರಿಗೆ ಅಂದಿದ್ದರು, "ಕೈ ಚೆನ್ನಾಗಿದೆಯಮ್ಮ, ಆದರೆ ಬಾಡಿಗೆ ಕೈ." ಆ ಮಾತು ನುಂಗಿಕೊಂಡು ಊರಿಗೆ ಬಂದಿದ್ದೆ.

ನಿನಗೆ ಗೊತ್ತು, ಪಟದ ಕೆಲಸವೆಲ್ಲ ನೆಲದ ಮೇಲೆ ಹಾಸಿ, ಹಿಂಬದಿಯಿಂದ. ತೆಳುಕಾಗದದ ಮೇಲೆ ತೆಳುಕಾಗದ. ನೆಲದ ಮೇಲಿದ್ದಾಗ ಬರೀ ಮಂಕು ತೇಪೆಗಳು. ಎತ್ತಿ ಬಿಸಿಲಿಗೆ ಹಿಡಿದಾಗಲೇ ಏನು ಮಾಡಿದ್ದೇವೆಂದು ತಿಳಿಯುವುದು. ಕೊನೆಯ ವಾರ ಹುಡುಗಿಯರೆಲ್ಲ ಚೆಂಡುಹೂವು ಕೊಯ್ಯಲು ಹೋದಾಗ ನಾನೊಬ್ಬಳೇ ಮುಖ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಕ್ಯಾಲೆಂಡರು ನೋಡುವುದನ್ನು ಬಿಟ್ಟಿದ್ದೆ. ಕತ್ತರಿ ಮುಂದೆ ಹೋಗುತ್ತಿತ್ತು, ನಾನು ಹಿಂದೆ ಹೋಗುತ್ತಿದ್ದೆ. ಯಾವುದೋ ರಾಗ ಗುನುಗುತ್ತಿದ್ದೆನಂತೆ, ವಾಪಸು ಬಂದ ಹುಡುಗಿಯರು ಹೇಳಿದರು. ಯಾವ ರಾಗ ಅಂದರೆ ಅವರಿಗೂ ಗೊತ್ತಿಲ್ಲ.

ಒಂದನೇ ತಾರೀಕು ಎತ್ತಿದಾಗ ನಿಮ್ಮೆಲ್ಲರ ಹಾಗೆ ನಾನೂ ಮೊದಲ ಸಲ ನೋಡಿದ್ದು. ಇದು ನನ್ನದು ಅನ್ನಿಸಿತು. ಹುಟ್ಟಿದ ಮೇಲೆ ಮೊದಲ ಬಾರಿ. ಅದನ್ನು ಹೇಗೆ ಸುಡಲಿ ಹೇಳು?

ಎಡಹುಬ್ಬಿನ ನಡುವೆ ಬಿಟ್ಟುಹೋಗಿದೆ, ಕಪ್ಪು ಕಾಗದ ಸಾಲಲಿಲ್ಲ. ಅದೊಂದನ್ನು ಸರಿಮಾಡಬೇಕು.

ಬೆಕಾಳ ಕೆನ್ನೆಗೆ ಮುತ್ತು. ಅಪ್ಪನಿಗೆ ಇಷ್ಟವಾಗಲಿಲ್ಲ ಅಂತ ಗೊತ್ತಾಯಿತು. ಅವರಿಗೆ ನಾನು ಮಾಡಿದ್ದು ಯಾವಾಗ ಇಷ್ಟವಾಗಿದೆ?

ಕ್ಲೋವಿ


ಸಾಂತಾ ಉರ್ಸುಲಾ
೮ ಡಿಸೆಂಬರ್

ಕ್ಲೋವಿ,

ಹುಬ್ಬನ್ನು ಸರಿಮಾಡಬೇಡ.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಮಗುವಿನ ನೆಪ ಮಾಡಿಕೊಂಡು ಏಳುತ್ತಿದ್ದೆ. ನಿನ್ನೆ ಆದದ್ದನ್ನು ಮೊದಲು ಹೇಳುತ್ತೇನೆ.

ನಿನ್ನೆ ಸೈತಾನನನ್ನು ಸುಡುವ ಸಂಜೆ. ಬೀದಿಯುದ್ದಕ್ಕೂ ಎಲ್ಲರೂ ವರ್ಷದ ಕಸ ಗುಡಿಸಿ ಬಾಗಿಲ ಮುಂದೆ ರಾಶಿ ಹಾಕಿದ್ದರು. ನಾನೂ ಹಾಕಿದೆ. ಹಳೇ ರಟ್ಟಿನ ಪೆಟ್ಟಿಗೆ, ಮುರಿದ ಪೊರಕೆ. ಬೆಂಕಿ ಏಳುತ್ತಿದ್ದ ಹಾಗೆ ನನ್ನ ತಲೆಯಲ್ಲಿ ಏನು ಹೊಕ್ಕಿತೋ, ಒಳಗೆ ಹೋಗಿ ಪಟದ ಹಗ್ಗ ಬಿಚ್ಚಲು ಕೈ ಹಾಕಿದೆ. ಅದಕ್ಕೆ ಮುಂಚಿನ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅಪ್ಪ ಅಡ್ಡ ಬಂದು ನಿಂತರು. ನವೆಂಬರಿನಿಂದ ಬಾಯಿ ಬಿಡದವರು.

"ಅವಳನ್ನ ಸೈತಾನನ ಬೆಂಕಿಗೆ ಹಾಕ್ತೀಯೇನೆ?"

"ಅವಳು ಅಂದ್ರೆ ಯಾರಪ್ಪಾ?"

ಅವರು ಪಟದ ಹಗ್ಗವನ್ನು ನನ್ನ ಕೈಯಿಂದ ಬಿಡಿಸಿದರು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಹೋದಾಗ ನನಗೆ ಒಂಬತ್ತು ವರ್ಷ. ನಿನಗೆ ಎಂಟು ತಿಂಗಳು.

ಅದು ಅಮ್ಮ, ಕ್ಲೋವಿ. ಅಗಲ ಹಣೆ, ನಗುವ ಮೊದಲೇ ಒಂದು ಕಡೆ ಎಳೆದುಕೊಳ್ಳುವ ತುಟಿ. ಚಿಕ್ಕವಳಿದ್ದಾಗ ಬೀಸುವ ಕಲ್ಲಿನ ಮೇಲೆ ಬಿದ್ದು ಎಡಹುಬ್ಬು ಎರಡು ತುಂಡಾಗಿತ್ತಂತೆ, ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಇದನ್ನು ನಾನು ನಿನಗೆ ಯಾವತ್ತೂ ಹೇಳಿದ ನೆನಪಿಲ್ಲ. ಫೋಟೋಗಳನ್ನೆಲ್ಲ ಆ ದಿನವೇ ಅಪ್ಪ ಒಲೆಗೆ ಹಾಕಿದರು, ಹುಡುಕಿಕೊಂಡು ಬರುವವರಿಗೆ ಸಿಗಬಾರದೆಂದು. ನೀನು ಅಮ್ಮನನ್ನು ಯಾವ ಚಿತ್ರದಲ್ಲೂ ನೋಡಿಲ್ಲ.

ನಿನಗೆ ಗೊತ್ತಿರುವುದಿಷ್ಟೇ: ಸಂತೆಗೆ ಹೋದಳು, ದಾರಿಯಲ್ಲಿ ಸೈನಿಕರು ಬಸ್ಸಿನಿಂದ ಇಳಿಸಿಕೊಂಡರು. ನನಗೂ ಅಷ್ಟೇ ಗೊತ್ತು. ಅವಳ ಹೆಸರಲ್ಲಿ ಪೂಜೆಯಿಲ್ಲ, ಸಮಾಧಿಯಿಲ್ಲ, ಪಟ ಹಾರಿಸಿಲ್ಲ. ಯಾಕೆಂದರೆ ಅಪ್ಪನ ಲೆಕ್ಕದಲ್ಲಿ ಅವಳು ಇನ್ನೂ ಸಂತೆಯಿಂದ ಬರಬೇಕು. ಗುಡ್ಡದ ಆಚೆ ಅಗೆದು ಆಗ ಕಾಣೆಯಾದವರ ಮೂಳೆ ತೆಗೆಯುತ್ತಿದ್ದಾರೆ, ಆ ಜನ ಹೆಸರು ಕೊಡಿ ಎಂದು ಎರಡು ಸಲ ಬಂದರು. ಅಪ್ಪ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಮೇಜಿನ ಮೇಲೆ ಅಮ್ಮನ ಬಟ್ಟಲು ದಿನಾ ಸಂಜೆ ಇಡುತ್ತಾರಲ್ಲ, ಅದನ್ನು ನೀನು ಪದ್ಧತಿ ಅಂದುಕೊಂಡು ಬೆಳೆದೆ.

ಸತ್ತಿದ್ದಾಳೋ ಬದುಕಿದ್ದಾಳೋ ತಿಳಿಯದವಳ ಮುಖವನ್ನು ನಾವು ಸತ್ತವರ ಪಟಕ್ಕೆ ಏರಿಸಿಬಿಟ್ಟೆವು. ಈ ಊರಲ್ಲಿ ಯಾರೂ ಮಾಡದ ತಪ್ಪು. ಎಲ್ಲರಿಗೂ ಹಿಂದಿರುಗಲು ಒಂದು ಸಮಾಧಿಯಿದೆ. ಅವಳನ್ನು ಕರೆದಿದ್ದೇವೆ, ಅವಳು ಎಲ್ಲಿಗೆ ಹಿಂದಿರುಗಬೇಕು?

ಈಗ ಅಪ್ಪ ಬಟ್ಟಲನ್ನು ಮೇಜಿನ ಮೇಲೆ ಇಡುತ್ತಿಲ್ಲ. ಅಂಗಳದಲ್ಲಿ, ಪಟದ ಕೆಳಗೆ ಇಡುತ್ತಾರೆ.

ತೆಂಚಾ


ರಾಜಧಾನಿ
೨ ಜನವರಿ ೨೦೦೦

ಅಕ್ಕಾ,

ನಿನ್ನ ಕಾಗದವನ್ನು ಬೋರ್ಡಿನ ಅಂಗಡಿಯಲ್ಲಿ ಓದಿದೆ. ಬಣ್ಣದ ಡಬ್ಬಿ ಉರುಳಿಸಿ ಬೈಸಿಕೊಂಡೆ. ಕ್ರಿಸ್ಮಸ್ಸಿಗೆ ಬರಬಹುದಿತ್ತು, ಬರಲಿಲ್ಲ. ಬಂದರೆ ಅಪ್ಪನ ಮುಖ ನೋಡಬೇಕಲ್ಲ.

ಹಳೆಯ ಕನ್ನಡಿಯೊಂದನ್ನು ಕೊಂಡೆ. ರಾತ್ರಿಯೆಲ್ಲ ನನ್ನನ್ನೇ ಬರೆದೆ. ಮೇಷ್ಟ್ರಿಗೆ ತೋರಿಸಿದಾಗ ಕೇಳಿದರು, "ಪಟದ ಹೆಂಗಸನ್ನ ಮತ್ತೆ ಬರೆದಿದ್ದೀಯಲ್ಲ?" ಪಟದ ಫೋಟೋ ಅವರು ನೋಡಿದ್ದಾರೆ. ನನ್ನ ಹಣೆ, ನನ್ನ ತುಟಿ. ಹಾಗಾದರೆ ಗುಟ್ಟೇನೂ ಇಲ್ಲ ಅಕ್ಕಾ. ನನಗೆ ಗೊತ್ತಿಲ್ಲದೆ ನನ್ನನ್ನೇ ಮಾಡಿದ್ದೆ, ನಾನು ಅಮ್ಮನ ಹಾಗಿದ್ದೇನೆ, ಅಷ್ಟೇ. ಹುಬ್ಬಿಗೆ ಕಾಗದ ಸಾಲಲಿಲ್ಲ, ಅಷ್ಟೇ.

ಎರಡು ಸಲ "ಅಷ್ಟೇ" ಬರೆದಿದ್ದೇನೆ. ನೀನು ಗಮನಿಸುತ್ತೀಯ.

ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ನಿನಗೆ ಅಮ್ಮ ಒಂಬತ್ತು ವರ್ಷ ಸಿಕ್ಕಳು. ತಲೆ ಬಾಚಿದಳು, ಹೊಡೆದಳು, ರೊಟ್ಟಿ ತಟ್ಟುವುದು ಕಲಿಸಿದಳು. ನನಗೆ ಸಿಕ್ಕಿರುವುದು ಕಾಗದದವಳು. ಅವಳನ್ನೂ ಸುಡು ಅನ್ನಬೇಡ. ನೂರು ಜನ ಬಂದು ಅವಳ ಮುಂದೆ ನಿಲ್ಲಲಿ. ಇಂಥವಳೊಬ್ಬಳಿದ್ದಳು ಅಂತ ನಮ್ಮ ಮನೆಯಲ್ಲೇ ಯಾರೂ ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ.

ಕ್ಲೋವಿ


ಸಾಂತಾ ಉರ್ಸುಲಾ
೨೩ ಜನವರಿ

ಕ್ಲೋವಿ,

ಕೋಪವಿಲ್ಲ. ನೀನು ಹೇಳಿದ್ದು ನಿಜ. ಆದರೆ ನಾನು ಈಗ ತಾಯಿ, ನನಗೆ ಬೇರೆ ಭಯವಿದೆ.

ಬೆಕಾ ಮೊನ್ನೆಯಿಂದ ಗುನುಗುತ್ತಿದ್ದಾಳೆ. ಮಕ್ಕಳು ತೊದಲುವ ಹಾಗಲ್ಲ. ಬಾಯಿ ಮುಚ್ಚಿಕೊಂಡು, ಅಂಗಳದ ಕಡೆ ತಲೆ ತಿರುಗಿಸಿಕೊಂಡು, ಒಂದೇ ರಾಗ. ಅಮ್ಮ ಜೋಳ ಬೀಸುವಾಗ ಗುನುಗುತ್ತಿದ್ದ ರಾಗ. ಪಟದ ಸದ್ದು ಯಾಕೆ ಕಿವಿಗೆ ಪರಿಚಿತ ಅನ್ನಿಸುತ್ತಿತ್ತೆಂದು ಆಗ ಹೊಳೆಯಿತು. ನೀನು ಮುಖ ಕತ್ತರಿಸುವಾಗ ಗುನುಗಿದ್ದೂ ಇದನ್ನೇ ಇರಬೇಕು.

ಚೋನಾ ಅಜ್ಜಿ ಎಣ್ಣೆಗೆ ಬಂದಿದ್ದಳು, ಕೇಳಿಸಿಕೊಂಡಳು. "ಯಾರೇ ಕಲಿಸಿದ್ದು ಕೂಸಿಗೆ?" ಅಂದಳು. ನಾನು ಮಗುವನ್ನು ಎತ್ತಿಕೊಂಡೆ. ಎಣ್ಣೆ ತೆಗೆದುಕೊಳ್ಳದೆ ಹೋದಳು. ಅವಳು ಸುಮ್ಮನೆ ಹೋದದ್ದು ಇದೇ ಮೊದಲು.

ಮಗುವನ್ನು ಮಲಗಿಸುವ ಜೋಲಿ ಕಟ್ಟಿರುವುದು ಅಮ್ಮನ ನೀಲಿ ಶಾಲಿನಲ್ಲಿ. ನಿನ್ನನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳಲ್ಲ, ಅದೇ. ಗಟ್ಟಿ ಬಟ್ಟೆ, ಹಾಳುಮಾಡುವುದೇಕೆಂದು ತೆಗೆದಿದ್ದೆ. ಈಗ ಬಿಚ್ಚೋಣವೆಂದರೆ ಅದರಲ್ಲಲ್ಲದೆ ಮಗು ಮಲಗುವುದಿಲ್ಲ.

"ಹೋಗು" ಅಂತ ಒಂದೇ ಮಾತು ಬರೆದು ಕಳಿಸು. ಮಿಕ್ಕಿದ್ದು ನಾನು ಮಾಡುತ್ತೇನೆ.

ತೆಂಚಾ


ರಾಜಧಾನಿ
೭ ಫೆಬ್ರವರಿ

ಅಕ್ಕಾ,

ಬರೆಯಲಾರೆ. ಮೂರು ಸಲ ಪ್ರಯತ್ನಿಸಿದೆ. ಎರಡಕ್ಷರದ ಮಾತಿಗೆ ಕೈ ಓಡುವುದಿಲ್ಲ.

ಪಟವೇ ನಿನ್ನ ಮನೆಯಿಂದ ಬಂದುಬಿಡಲಿ, ಆಗ ನಿನಗೂ ನಿದ್ದೆ ಬರುತ್ತದೆ. ಶುಕ್ರವಾರ ಬೆಳಗಿನ ಐದಕ್ಕೆ ತರಕಾರಿ ಲಾರಿಯ ಚೇಮಾ ಮಾಮ ಬಂದು ಹೇರಿಕೊಳ್ಳುತ್ತಾನೆ, ಮಾತಾಡಿದ್ದೇನೆ. "ಟೊಮೇಟೊ ಮೇಲೆ ಮಲಗಿಸ್ಕೊಂಡು ಬರ್ತೀನಿ ಬಿಡು, ರಾಣಿ ಥರ" ಅಂದ. ಶಾಲೆಯ ದೊಡ್ಡ ಗೋಡೆ ಅವಳಿಗೇ ಬಿಟ್ಟಿದ್ದಾರೆ. ಮೇಷ್ಟ್ರು ಈಗ ಬಾಡಿಗೆ ಕೈ ಅನ್ನುವುದಿಲ್ಲ. ನನಗೂ ಹಾಗನ್ನಿಸುವುದಿಲ್ಲ. ಈಗ ಯಾವುದನ್ನು ಬರೆದರೂ ಎಲ್ಲಿಂದ ಬರುತ್ತಿದೆ ಅಂತ ಗೊತ್ತು.

ಒಂದೇ ವಿಚಿತ್ರ. ಕಳೆದ ವಾರದಿಂದ ಬರೆದ ಮುಖಗಳೆಲ್ಲ ಕೆಳಗೆ ನೋಡುತ್ತಿವೆ. ಮಲಗಿದವರನ್ನು ಬಗ್ಗಿ ನೋಡುವ ಹಾಗೆ. ನಾನು ಹಾಗೆ ಬರೆಯುತ್ತಿಲ್ಲ.

ಕ್ಲೋವಿ


ಸಾಂತಾ ಉರ್ಸುಲಾ
೧೦ ಫೆಬ್ರವರಿ, ಗುರುವಾರ ರಾತ್ರಿ

ಕ್ಲೋವಿ,

ಇದನ್ನು ಚೇಮಾ ಮಾಮನ ಕೈಯಲ್ಲಿ ಕೊಡುತ್ತಿದ್ದೇನೆ. ರಾತ್ರಿಯ ಲೋಡಿಗೆ ಹೊರಟಿದ್ದಾನೆ, ಮಾರುಕಟ್ಟೆಯಲ್ಲಿ ಇಳಿಸಿ ನಿನ್ನ ಬಾಗಿಲು ಬಡಿಯುತ್ತಾನೆ. ಪಟಕ್ಕೆಂದು ಅವನು ತಿರುಗಿ ಇಲ್ಲಿಗೆ ಬರುವುದರೊಳಗೆ ನೀನು ಮಾತಾಡಬೇಕು. ನಿನ್ನ ಮನೆಯಲ್ಲಿ ಫೋನಿದ್ದಿದ್ದರೆ ನಾನೇ ಮಾಡುತ್ತಿದ್ದೆ.

ಇವತ್ತು ಮಧ್ಯಾಹ್ನ, ಸುಡುವ ಬಿಸಿಲಲ್ಲಿ ಆಯಿತು. ಬೆಕಾ ಅಂಗಡಿಯ ಒಳಕೋಣೆಯಲ್ಲಿ, ಜೋಲಿಯಲ್ಲಿ ಮಲಗಿದ್ದಳು. ಅಂಗಳದ ಬಾಗಿಲಿಗೆ ಚಿಲಕ ಹಾಕಿದ್ದೆ. ನಾನು ಗಿರಾಕಿಗೆ ಸಕ್ಕರೆ ತೂಗುತ್ತಿದ್ದೆ. ಹಿಂದೆ ಗುಂಯ್ ಸದ್ದು ಇದ್ದೇ ಇತ್ತು, ಈಗ ಹಗಲೂ ಇರುತ್ತದೆ. ಅದು ಥಟ್ಟನೆ ನಿಂತಿತು. ನನ್ನ ಕೈಯ ಸಕ್ಕರೆ ಚೆಲ್ಲಿತು. ಓಡಿದೆ.

ಮಗು ಎದ್ದಿತ್ತು. ಮೇಲೆ ಯಾರನ್ನೋ ನೋಡಿ ನಗುತ್ತಿತ್ತು. ಹಣೆಯ ಮೇಲೆ ಕೆಂಪು. ರಕ್ತವೆಂದುಕೊಂಡೆ. ಒರೆಸಿದೆ, ಬಣ್ಣ. ಒದ್ದೆ ಬಣ್ಣ. ತೆಳುಕಾಗದಕ್ಕೆ ನೀರು ತಾಗಿದರೆ ಬಿಡುತ್ತದಲ್ಲ, ಅದು.

ಬಾಗಿಲ ಚಿಲಕ ಹಾಕಿದ ಹಾಗೇ ಇತ್ತು. ತೆಗೆದು ಅಂಗಳಕ್ಕೆ ಹೋದೆ. ಪಟದ ತುಟಿಗಳು ಬಿಳಿಚಿಕೊಂಡಿದ್ದವು. ಬೆರಳು ಸೋಕಿಸಿದೆ, ಒದ್ದೆ. ಮಳೆ ಬಂದು ತಿಂಗಳಾಯಿತು. ಅಪ್ಪ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು, ತುಂಬಿದ ಬಟ್ಟಲು ಪಕ್ಕದಲ್ಲಿ. ಅವರ ಕೈ ಹಿಡಿದು ತಿರುಗಿಸಿ ನೋಡಿದೆ. ಒಣಗಿತ್ತು, ಒಂದು ಚೂರು ಬಣ್ಣವಿಲ್ಲ.

ಅಪ್ಪ ಬೇಸರದಿಂದ ಅಂದರು, ನೆಂಟರ ಮೊಂಡುತನದ ಬಗ್ಗೆ ಹೇಳುವ ಹಾಗೆ:

"ಕ್ಲೋವಿ ದೊಡ್ಡೋಳಾಗಿದಾಳೆ, ಪಟ್ಣದಲ್ಲಿ ಓದ್ತಿದಾಳೆ ಅಂತ ಎಷ್ಟು ಹೇಳಿದ್ರೂ ಇವ್ಳು ನಂಬಲ್ಲ ಕಣೆ. ಜೋಲೀಲಿ ಮಲ್ಗಿದಾಳಲ್ಲ, ನನ್ ಕೂಸು ನಂಗೆ ಗೊತ್ತಿಲ್ವ ಅಂತಾಳೆ."

ಬೆಕಾಳಿಗೆ ಈಗ ಎಂಟು ತಿಂಗಳು.

ಅರ್ಥವಾಯಿತೇ? ಅವಳು ನನ್ನನ್ನು ನೋಡಲು ಬಂದದ್ದಲ್ಲ, ಅಪ್ಪನನ್ನು ನೋಡಲೂ ಅಲ್ಲ. ಹಾಲು ಕುಡಿಸಿ ಮಲಗಿಸಿ ಬಿಟ್ಟುಹೋದ ಮಗುವಿಗಾಗಿ ಬಂದಿದ್ದಾಳೆ. ಅದೇ ಶಾಲು, ಅದೇ ವಯಸ್ಸು. ಅಮ್ಮ ಎಲ್ಲಿಗೆ ಹೋದರೂ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ಹೋಗುತ್ತಿದ್ದಳು. ಆ ಒಂದು ದಿನ ಬಿಟ್ಟು. ನಾಳೆ ಪಟ ಈ ಮನೆ ಬಿಟ್ಟು ಹೊರಡುವಾಗ ಅವಳು ಮಗುವನ್ನು ಮತ್ತೆ ಬಿಟ್ಟುಹೋಗುತ್ತಾಳೆಯೇ?

ನಾನು ಸುಡುವುದಿಲ್ಲ, ನಿನ್ನ ಮಾತಿಲ್ಲದೆ. ಕಳಿಸುವುದೂ ಇಲ್ಲ. ಆಣೆ ಮಾಡುತ್ತೇನೆ, ಏನು ಹೇಳುತ್ತೀಯೋ ಅದನ್ನೇ ಮಾಡುತ್ತೇನೆ. ಹೋಗು ಅಂದರೆ ಸ್ಮಶಾನಕ್ಕೆ ಹೊತ್ತು ಚೆಂಡುಹೂವಿನ ನಡುವೆ ಬೆಂಕಿ ಕೊಡುತ್ತೇನೆ, ಅಪ್ಪನನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. "ನನ್ನ ಹತ್ತಿರ ಬಾ" ಅಂದರೆ ಚೇಮಾನ ಲಾರಿಗೆ ಏರಿಸುತ್ತೇನೆ. ಆದರೆ ಅವಳಿಗೆ ನೀನು ಹೇಳಬೇಕು, ಕ್ಲೋವಿ. ಮುಖ ಮಾಡಿದ್ದು ನಿನ್ನ ಕೈ. ಅವಳು ಕೇಳಬೇಕಾಗಿರುವುದು ನಿನ್ನ ದನಿ. ಹದಿನೆಂಟು ವರ್ಷದ, ದೊಡ್ಡ ಹುಡುಗಿಯ ದನಿ. ಅಮ್ಮಾ, ನಾನೇ ಕ್ಲೋವಿ, ಅದು ಅಕ್ಕನ ಮಗು, ಅಂತ ಹೇಳು.

ನಿನ್ನ ಬೀದಿ ಮೂಲೆಯ ಫೋನ್ ಬೂತಿಗೆ ಇಳಿದು ಬಾ. ಅಂಗಡಿಯ ಫೋನನ್ನು ಅಂಗಳದ ಬಾಗಿಲವರೆಗೆ ಎಳೆದುಕೊಂಡು ಬಂದಿದ್ದೇನೆ, ತಂತಿ ಅಷ್ಟು ದೂರ ಸಾಕಾಗುತ್ತದೆ. ಪಟದ ಹತ್ತಿರ ಹಿಡಿಯುತ್ತೇನೆ.

ನಿನ್ನ,
ತೆಂಚಾ

ಚೇಮಾ ಮಾಮ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಸದ್ದು ಈಗಷ್ಟೇ ನಿಂತಿತು. ಮಗು ನನ್ನ ಮಡಿಲಲ್ಲಿದ್ದಾಳೆ, ಬಿಗಿಯಾಗಿ ಹಿಡಿದುಕೊಂಡಿದ್ದೇನೆ. ಜೋಲಿ ಖಾಲಿ. ಅದು ತೂಗುತ್ತಿದೆ. ಫೋನು ಮಾಡು ಕ್ಲೋವಿ. ನಿನ್ನ ಕಾಲು ಹಿಡಿಯುತ್ತೇನೆ, ಬೆಳಗಾಗುವ ಮೊದಲು ಫೋನು ಮಾಡು.